ಆ ಪಾದ್ರಿಯ ಅಧ್ಯಾಯವನ್ನು ಹರಿದು ಹಾಕಬೇಡ

ಪ್ರೀತಿಯ ತಮ್ಮನಿಗೆ,

ಕರ್ತನಲ್ಲಿ ವಂದನೆಗಳು.

ನಿನ್ನ ಮೇಲ್ ಬಂತು, ಪುಟಗಳೂ ಬಂದವು. ಮನೆ ಬದಲಿಸುವಾಗ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಕಾಲೇಜು ದಿನಗಳ ಕಾದಂಬರಿ ಸಿಕ್ಕಿತು, ಅರ್ಧಕ್ಕೇ ನಿಂತಿದೆ, ಬರೆದಾಗ ಚರ್ಚಿನ ಕಡೆ ತಲೆ ಹಾಕುತ್ತಿರಲಿಲ್ಲ, ಈಗ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ, ಆದ್ದರಿಂದ ಇದನ್ನು ಸುಟ್ಟುಬಿಡಲಾ, ಇಲ್ಲ ಪೂರ್ತಿ ತಿದ್ದಿ ನನ್ನ ನಂಬಿಕೆಗೆ ಸಾಕ್ಷಿ ಹೇಳುವ ಒಂದು ಒಳ್ಳೇ ಪುಸ್ತಕ ಮಾಡಲಾ ಅಂತ ಕೇಳಿದ್ದೀಯ. ಎರಡೂ ಬೇಡ ಮಾರಾಯ.

ಸುಡುವ ಮಾತು ಮೊದಲು. ಬೈಬಲಿನಲ್ಲಿ ಯೆರೆಮೀಯನ 36ನೇ ಅಧ್ಯಾಯವನ್ನು ಇನ್ನೊಂದು ಸಲ ಓದು. ಪ್ರವಾದಿ ಯೆರೆಮೀಯ ಬಾಯಲ್ಲಿ ಹೇಳಿದ್ದನ್ನು ಅವನ ಲಿಪಿಕಾರ ಬಾರೂಕ ಸುರುಳಿಯಲ್ಲಿ ಬರೆದುಕೊಂಡಿದ್ದ. ಚಳಿಗಾಲ. ಯೆಹೋಯಾಕೀಮ ರಾಜ ಅಗ್ಗಿಷ್ಟಿಕೆ ಮುಂದೆ ಕೂತಿದ್ದಾನೆ. ಓದುವವನು ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ಅಷ್ಟನ್ನು ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾರೆ, ಇಡೀ ಸುರುಳಿ ಮುಗಿಯುವವರೆಗೂ. ಆಮೇಲೆ ಏನಾಯಿತು? ಯೆರೆಮೀಯ ಮತ್ತೆ ಹೇಳಿದ, ಬಾರೂಕ ಮತ್ತೆ ಬರೆದ. ಮೊದಲಿನ ಮಾತುಗಳೆಲ್ಲ ಬಂದವು, ಅವುಗಳ ಜೊತೆಗೆ ಅಂಥವೇ ಇನ್ನೂ ಎಷ್ಟೋ ಮಾತು ಸೇರಿದವು. ಮೊದಲು ಬರೆದಿದ್ದರಲ್ಲಿ ಒಂದನ್ನೂ ಬಿಡಲಿಲ್ಲ ಅನ್ನುವುದನ್ನು ಗಮನಿಸು. ಆ ಅಧ್ಯಾಯದಲ್ಲಿ ಸುಟ್ಟವನು ರಾಜ, ಬರೆದವರಲ್ಲ.

ಈಗ ನಿನ್ನ ಪುಟಗಳಿಗೆ ಬರುತ್ತೇನೆ. ನಿಜವಾಗಿಯೂ ಹೇಳುತ್ತೇನೆ, ಅವು ಚೆನ್ನಾಗಿವೆ. ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಆ ಹುಡುಗ ಓದಲು ಕಲಿಯುವ ಜಾಗ ಇದೆಯಲ್ಲ, ಅದನ್ನು ನಾನು ಎರಡು ಸಲ ಓದಿದೆ. ಹಂಚಿನ ಮೇಲೆ ಕಾರ್ಖಾನೆ ನಡೆಸುತ್ತಿದ್ದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಹೆಸರು ಮೂಡಬೇಕಾದರೆ ಅಚ್ಚಿನಲ್ಲಿ ಅಕ್ಷರ ತಿರುವುಮುರುವಾಗಿ ಇರಬೇಕು. ಅಚ್ಚು ಒರೆಸುವ ಕೆಲಸದ ಹುಡುಗ ಇಂಗ್ಲಿಷ್ ಅಕ್ಷರಗಳನ್ನು ಹಾಗೇ ಉಲ್ಟಾ ಕಲಿತು, ಒಂದು ದಿನ ಒಣಗಲು ಇಟ್ಟ ಹಂಚಿನ ಮೇಲೆ ಅದೇ ಅಕ್ಷರ ಸರಿಯಾಗಿರುವುದನ್ನು ನೋಡಿ ಇದು ಬೇರೆ ಭಾಷೆ ಅಂದುಕೊಳ್ಳುತ್ತಾನೆ. ಇಂಥದ್ದು ಇಪ್ಪತ್ತರ ವಯಸ್ಸಿನಲ್ಲಿ ನಿನ್ನ ಕೈಯಿಂದ ಬಂದಿದೆ. ಇದರಲ್ಲಿ ನಾಚಿಕೆ ಪಡುವುದೇನಿದೆ?

ನಿನ್ನ ನಾಚಿಕೆ ಇರುವುದು ಪಾದ್ರಿಯ ಅಧ್ಯಾಯದ ಬಗ್ಗೆ. ಗೊತ್ತಾಯಿತು. ಸಂಬಳದ ದಿನ ಅಜ್ಜಿ ಸಾಲಿನಲ್ಲಿ ನಿಂತಿದ್ದಾಳೆ, ಭಾನುವಾರದ ಆರಾಧನೆಗೆ ಯಾಕೆ ಬರಲಿಲ್ಲ ಅಂತ ಎಲ್ಲರೆದುರು ಆ ಜರ್ಮನ್ ಪಾದ್ರಿ ಕೇಳುತ್ತಾನೆ, ಅವಳು ತಲೆ ತಗ್ಗಿಸುತ್ತಾಳೆ. ಈಗಿನ ನಿನಗೆ ಇದು ಸಭೆಗೆ ಕೆಟ್ಟ ಹೆಸರು ತರುವ ಹಾಗೆ ಕಾಣುತ್ತಿದೆ. ಆದರೆ ಆಗ ಇದ್ದ ಪರಿಸ್ಥಿತಿ ನೋಡು. ಹಳೇ ಧರ್ಮ ಬಿಟ್ಟು ಕ್ರೈಸ್ತರಾದವರಿಗೆ ಮನೆ, ಜಮೀನು, ಕುಲಕಸುಬು ಎಲ್ಲ ತಪ್ಪಿಹೋಗುತ್ತಿತ್ತು. ಅವರಿಗೆ ಹೊಟ್ಟೆಪಾಡು ಬೇಕಲ್ಲ ಅಂತ ಮಿಷನ್ನಿನವರು ನೇಯ್ಗೆ ಶುರು ಮಾಡಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದು ಪ್ರೀತಿಯಿಂದ ಆದ ಕೆಲಸವೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದರಿಂದ ಕೆಲಸ ಕೊಡುವವರು, ಮನೆ ಕೊಡುವವರು, ಸಭೆ ನಡೆಸುವವರು ಎಲ್ಲ ಒಬ್ಬರೇ ಆಗಿಬಿಟ್ಟರು. ಆ ಗಂಟು ನಿಜವಾದ ಗಂಟು. ದೇವರನ್ನು ನಂಬದ ಆಗಿನ ನಿನ್ನ ಕಣ್ಣಿಗೆ ಅದು ಸರಿಯಾಗಿಯೇ ಕಂಡಿದೆ. ಅಜ್ಜಿಯ ಅವಮಾನ ನೀನು ನಂಬಿಕೆಗೆ ಬಂದ ಮಾತ್ರಕ್ಕೆ ಸುಳ್ಳಾಗುವುದಿಲ್ಲ ಅಲ್ವಾ?

ಇಲ್ಲಿ ಇಂಗ್ಲಿಷ್ ಲೇಖಕ ಸಿ.ಎಸ್. ಲೂಯಿಸ್ ವಿಷಯ ಹೇಳಲೇಬೇಕು, ಯಾಕೆಂದರೆ ನಿನಗೆ ಆಗಿದ್ದೇ ಅವರಿಗೂ ಆಗಿತ್ತು. ಆಕ್ಸ್‌ಫರ್ಡಿನಲ್ಲಿ ಓದುವಾಗಲೇ ಅವರು ಸೈಕಿಯ ಹಳೇ ಕಥೆಯನ್ನು, ಅಂದರೆ ದೇವತೆಯ ಹೆಂಡತಿಯಾಗುವ ಹುಡುಗಿಯ ಕಥೆಯನ್ನು, ಅವಳ ಅಕ್ಕನ ಬಾಯಲ್ಲಿ ಹೇಳಿಸಲು ಹೊರಟಿದ್ದರು. ಪದ್ಯದಲ್ಲಿ, ಬೇರೆ ಬೇರೆ ಛಂದಸ್ಸಿನಲ್ಲಿ ಪ್ರಯತ್ನಪಟ್ಟರು, ಮುಗಿಯಲಿಲ್ಲ. ಆಗ ಅವರು ನಾಸ್ತಿಕರು. ಕ್ರೈಸ್ತರಾದದ್ದು 1931ರಲ್ಲಿ. ಆದರೂ ಆ ಕಥೆ ಅವರನ್ನು ಬಿಡಲಿಲ್ಲ. 1955ರಲ್ಲಿ ಗೆಳತಿ, ಲೇಖಕಿ ಜಾಯ್ ಡೇವಿಡ್‌ಮನ್ ಜೊತೆ ಮಾತಾಡುತ್ತಾ ದಾರಿ ಕಂಡಿತು, ಗದ್ಯದಲ್ಲಿ ಬೇಗ ಬೇಗ ಬರೆದು ಮುಗಿಸಿದರು, ಮರುವರ್ಷ 'ಟಿಲ್ ವಿ ಹ್ಯಾವ್ ಫೇಸಸ್' ಅಂತ ಅಚ್ಚಾಯಿತು. ಅವರೇ ಒಂದು ಪತ್ರದಲ್ಲಿ ಬರೆದುಕೊಂಡಿದ್ದಾರೆ: ನಂಬಿಕೆಗೆ ಬರುವ ಮುಂಚೆ ಯೋಚಿಸಿದ್ದ ಕಥೆಯಲ್ಲಿ ಅಕ್ಕನದು ಸರಿ, ದೇವತೆಗಳದ್ದು ತಪ್ಪು ಅಂತ ಇತ್ತಂತೆ.

ಸರಿ, ನಂಬಿಕೆ ಬಂದ ಮೇಲೆ ಅವರು ಏನು ಮಾಡಿದರು? ಅಕ್ಕನ ಬಾಯಿ ಮುಚ್ಚಿಸಲಿಲ್ಲ. ಪುಸ್ತಕದ ಬಹುಪಾಲು ಅವಳು ದೇವತೆಗಳ ಮೇಲೆ ಹಾಕಿದ ದೂರು. ಒಂದೊಂದೇ ಪುರಾವೆ ಎತ್ತಿ ಎತ್ತಿ ಇಡುತ್ತಾಳೆ, ಓದುವ ನಮಗೂ ಹೌದು ಹೌದು ಅನಿಸುತ್ತದೆ. ಕೊನೆಯಲ್ಲಿ ಆ ದೂರನ್ನು ಅವಳೇ ಗಟ್ಟಿಯಾಗಿ ಓದಬೇಕಾಗಿ ಬರುತ್ತದೆ, ತನ್ನ ದನಿ ತನಗೇ ಕೇಳಿಸುತ್ತದೆ, ಅಲ್ಲಿಂದ ಎಲ್ಲ ಬದಲಾಗುತ್ತದೆ. ದೂರು ಅಷ್ಟು ಬಲವಾಗಿ ಇಲ್ಲದಿದ್ದರೆ ಆ ಕೊನೆಯ ಭಾಗಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಹಳೇ ಹುಡುಗನ ಸಿಟ್ಟು ಅವರಿಗೆ ಬೇಕಾಗಿತ್ತು. ನಿನಗೂ ಬೇಕು.

ನೀನು ಯೋಚಿಸಿರುವ ಹಾಗೆ ಪಾದ್ರಿಯನ್ನು ಒಳ್ಳೆಯವನನ್ನಾಗಿ ಮಾಡಿ, ಅಜ್ಜಿಯ ಬಾಯಲ್ಲಿ ಒಂದು ಪ್ರಾರ್ಥನೆ ಹಾಕಿ, ಕೊನೆಯಲ್ಲಿ ಎಲ್ಲರೂ ಕೀರ್ತನೆ ಹಾಡಿದರೆ ಅದು ಹಳೇ ಬಟ್ಟೆಗೆ ಹೊಸ ತೇಪೆ ಹಾಕಿದ ಹಾಗೆ. ಹರಿಯುತ್ತದೆ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಕ್ರೈಸ್ತ ಲೇಖಕ ಅಂದ ಮೇಲೆ ಪ್ರತಿ ಪುಸ್ತಕವೂ ಸಾಕ್ಷಿ ಹೇಳಬೇಕು ಅನ್ನುವ ಭಾರ ನಮ್ಮ ಹುಡುಗರ ತಲೆ ಮೇಲೆ ಯಾಕೆ ಬಂತೋ, ನನಗೆ ಬೇಜಾರಾಗುತ್ತದೆ. ಸಾಗರದ ನಾ. ಡಿಸೋಜ ಅವರ 'ದ್ವೀಪ' ಕಾದಂಬರಿ ಓದು. ಶರಾವತಿಯ ನೀರು ಏರುತ್ತಾ ಬರುತ್ತದೆ, ಗಣಪಯ್ಯ ನಾಗಿ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಅದರಲ್ಲಿ ಚರ್ಚಿನ ಮಾತೇ ಇಲ್ಲ. ಆದರೆ ಸಂಕಟದಲ್ಲಿರುವ ನೆರೆಯವರನ್ನು ಅಷ್ಟು ಹತ್ತಿರದಿಂದ ನೋಡಿದ ಕಣ್ಣು ಇದೆಯಲ್ಲ, ಅದಕ್ಕಿಂತ ಜಾಸ್ತಿ ಏನು ಬೇಕು?

ನಿನ್ನ ಕಥೆ ಎಲ್ಲಿ ನಿಂತಿದೆ ಅಂತ ನೀನು ಗಮನಿಸಿಲ್ಲ ಅನಿಸುತ್ತದೆ. 1914ರಲ್ಲಿ ನಿಂತಿದೆ. ಯುದ್ಧ ಶುರುವಾಯಿತು ಅನ್ನುವ ಒಂದು ಸಾಲು, ಆಮೇಲೆ ಖಾಲಿ. ಆಗ ಏನಾಯಿತು ನಿನಗೆ ಗೊತ್ತು. ಜರ್ಮನ್ ಪಾದ್ರಿಗಳು ಬ್ರಿಟಿಷರ ಲೆಕ್ಕದಲ್ಲಿ ಶತ್ರುಗಳಾದರು, ಅವರನ್ನು ಹಿಡಿದು ಅಹ್ಮದ್‌ನಗರದ ಶಿಬಿರದಲ್ಲಿ ಇಟ್ಟರು, ಆಮೇಲೆ ಹಡಗು ಹತ್ತಿಸಿ ಕಳಿಸಿದರು. ಕಾರ್ಖಾನೆಗಳು ಮಿಷನ್ನಿನ ಕೈ ತಪ್ಪಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಗೆ ಹೋದವು. ಅಂದರೆ ನಿನ್ನ ಪಾದ್ರಿಯ ಸರದಿ ಬಂತು. ಈಗ ಅವನು ಯಾರದೋ ಎದುರು ಸಾಲಿನಲ್ಲಿ ನಿಂತು ಹೆಸರು ಬರೆಸಬೇಕು. ಆಗಿನ ನಿನಗೆ ಅವನ ಮೇಲೆ ಸಿಟ್ಟು ಮಾಡಲು ಬರುತ್ತಿತ್ತು, ಮರುಕ ಪಡಲು ಬರುತ್ತಿರಲಿಲ್ಲ. ಅದಕ್ಕೇ ಪೆನ್ನು ನಿಂತಿದೆ ಅಂತ ನನ್ನ ಅನಿಸಿಕೆ. ಈಗಿನ ನೀನು ಮುಂದಿನ ಅಧ್ಯಾಯ ಬರೆಯಬಲ್ಲೆ. ಅಲ್ಲಿಂದ ಹಿಡಿ. ಹಿಂದಿನದನ್ನು ಮುಟ್ಟದೆ ಮುಂದಕ್ಕೆ ಬರೆ. ಅಜ್ಜಿ ಅವನನ್ನು ನೋಡಲು ಹೋಗುತ್ತಾಳಾ, ಹೋಗುವುದಿಲ್ಲವಾ, ಅದನ್ನು ಈಗಲೇ ನಿರ್ಧಾರ ಮಾಡಬೇಡ. ಕ್ಷಮಿಸುತ್ತಾಳೆ ಅಂತ ಮೊದಲೇ ಇಟ್ಟುಕೊಂಡರೆ ಆ ಕ್ಷಮೆ ನಿನ್ನದಾಗುತ್ತದೆ, ಅವಳದಾಗುವುದಿಲ್ಲ.

ಇನ್ನು ಕೆಲಸದ ಮಾತು. ಅರ್ಧ ನೋಟ್‌ಬುಕ್ಕಿನಲ್ಲಿದೆ, ಅರ್ಧ ನುಡಿ ತಂತ್ರಾಂಶದ ಹಳೇ ಫೈಲಿನಲ್ಲಿದೆ ಅಂದೆ. ನೋಟ್‌ಬುಕ್ಕಿನ ಪುಟಗಳ ಫೋಟೋ ಇವತ್ತೇ ತೆಗೆದಿಡು. ನುಡಿಯಿಂದ ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಎಡವಟ್ಟಾಗುತ್ತವೆ, ಮೂಲ ಫೈಲನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ನೋಡು. ಆ ಕಾಗುಣಿತ ತಿದ್ದುವಾಗ ಕೈ ಸುಮ್ನೆ ಇರುವುದಿಲ್ಲ, ವಾಕ್ಯವನ್ನೂ ತಿದ್ದೋಣ ಅನ್ನುತ್ತದೆ. ತಿದ್ದಲು ಬಿಡಬೇಡ. ಮೊದಲು ಇದ್ದದ್ದು ಇದ್ದ ಹಾಗೇ ಬರಲಿ, ಆಮೇಲೆ ಒಮ್ಮೆ ಗಟ್ಟಿಯಾಗಿ ಓದು, ಪೆನ್ನು ಇಲ್ಲದೆ.

ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಹಳೇ ಮಿಷನ್ ಕಾಗದಪತ್ರಗಳಿವೆ, ಒಂದು ಅರ್ಜಿ ಬರೆದುಕೊಂಡು ಹೋಗಿ ಕೇಳು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ಸಂಗ್ರಹದ ಹಳೇ ಫೋಟೋಗಳನ್ನು ಆನ್‌ಲೈನಿನಲ್ಲೇ ನೋಡಬಹುದು, ಕಾರ್ಖಾನೆಯವೂ ಇವೆ. ಹೆಂಗಸರು ಏನು ಉಟ್ಟಿದ್ದಾರೆ, ಯಾರು ಎಲ್ಲಿ ನಿಂತಿದ್ದಾರೆ ಅಂತ ನೋಡಿಕೋ. 1914ರ ಅಧ್ಯಾಯ ಆದ ಕೂಡಲೇ ಕಳಿಸು, ತಿದ್ದುವ ತನಕ ಕಾಯಬೇಡ.

ಪ್ರೀತಿಯಿಂದ,
ನಿನ್ನ ಅಣ್ಣ