ನೆಬ್ರಾಸ್ಕದಿಂದ ಅಪ್ಪನಿಗೆ: ಫ್ರೀಮನ್‌ನ 160 ಎಕರೆ

ಲಿಂಕನ್, ನೆಬ್ರಾಸ್ಕ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಚಳಿ ಇನ್ನೂ ಹಿಡಿದಿಲ್ಲ. ಮೊನ್ನೆ ಭಾನುವಾರ ಇಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆ ದಾರಿ, ಗೇಜ್ ಕೌಂಟಿಗೆ ಹೋಗಿದ್ದೆವು. ದಾರಿಯುದ್ದಕ್ಕೂ ಮುಸುಕಿನ ಜೋಳ, ಸೋಯಾ. ಜಮೀನಿನ ಮಾತು ಅಂದ್ರೆ ನಿಮಗೆ ಊಟವೂ ಬೇಡ, ಅಲ್ವಾ? ಅದಕ್ಕೇ ಫೋನಲ್ಲಿ ಹೇಳದೆ ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳಿ.

1862ರಲ್ಲಿ ಅಬ್ರಹಾಂ ಲಿಂಕನ್ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. ಅರ್ಜಿ ಹಾಕಿದವರಿಗೆ 160 ಎಕರೆ ಸರ್ಕಾರಿ ಜಮೀನು. ಫೀಸು ಎಲ್ಲ ಸೇರಿ 18 ಡಾಲರ್. ಐದು ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಉಳಬೇಕು. ಇಬ್ಬರು ಬಂದು ಹೌದು, ಇವನು ಉಳುತ್ತಿದ್ದಾನೆ ಅಂತ ಸಾಕ್ಷಿ ಹೇಳಬೇಕು. ಆಮೇಲೆ ಹಕ್ಕುಪತ್ರ. 160 ಯಾಕೆ ಅಂತ ನೀವು ಕೇಳೇ ಕೇಳುತ್ತೀರಿ. ಹಂಚುವ ಮೊದಲೇ ಸರ್ವೆ ಮಾಡಿ, ನೆಲವನ್ನೆಲ್ಲ ಒಂದೊಂದು ಮೈಲಿಯ ಚೌಕಗಳಾಗಿ ಅಳೆದಿದ್ದರು. ಒಂದು ಚೌಕ 640 ಎಕರೆ, ಅದರ ಕಾಲು ಭಾಗ 160. ನಮ್ಮ ಕಡೆಯ ಹಾಗೆ ಹಳ್ಳ ತಿರುಗಿದಲ್ಲಿ ಜಮೀನಿನ ಗಡಿ ತಿರುಗುವುದಿಲ್ಲ. ಇವತ್ತಿಗೂ ರಸ್ತೆಗಳು ಗೆರೆ ಎಳೆದ ಹಾಗಿವೆ.

ಕಾಯ್ದೆ ಜಾರಿಯಾದದ್ದು 1863ರ ಜನವರಿ 1ರಂದು. ಅವತ್ತೇ ಬ್ರೌನ್‌ವಿಲ್ ಅನ್ನುವ ಊರಿನ ಭೂ ಕಚೇರಿಯಲ್ಲಿ ಡೇನಿಯಲ್ ಫ್ರೀಮನ್ ಅನ್ನುವವನು ಮೊದಲ ಅರ್ಜಿ ಹಾಕಿದ. ಬೆಳಗಾದರೆ ಸೈನ್ಯಕ್ಕೆ ಮರಳಬೇಕು ಅಂತ ಗುಮಾಸ್ತನನ್ನು ಪುಸಲಾಯಿಸಿ, ನಡುರಾತ್ರಿ ಕಚೇರಿ ತೆಗೆಸಿದನಂತೆ. ಗುಮಾಸ್ತ ನಡುರಾತ್ರಿ ಬಾಗಿಲು ತೆಗೆದ ಅಂದ್ರೆ ನನಗಂತೂ ನಂಬಿಕೆ ಬರಲಿಲ್ಲ! ಬೇರೆ ಕಡೆಗಳಲ್ಲೂ ಅದೇ ದಿನ ನೂರಾರು ಜನ ಅರ್ಜಿ ಕೊಟ್ಟಿದ್ದರು. ಆದರೂ ಹೆಸರು ಉಳಿದದ್ದು ಇವನದು. ಹಕ್ಕುಪತ್ರ ಕೈಗೆ ಬಂದದ್ದು 1869ರಲ್ಲಿ.

ಆ ಜಮೀನೇ ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಬಿಯಾಟ್ರಿಸ್ ಪಟ್ಟಣದಿಂದ ಪಶ್ಚಿಮಕ್ಕೆ ನಾಲ್ಕು ಮೈಲಿ. ಮನುಷ್ಯ ಚಾಲಾಕಿ, ಚೌಕ ತುಂಡು ಕೇಳದೆ ನಲವತ್ತು ನಲವತ್ತು ಎಕರೆಯ ತುಂಡುಗಳನ್ನು ಆರಿಸಿ, ಹಳ್ಳವೂ ಮರಗಳೂ ತನ್ನ ಪಾಲಿಗೆ ಬರುವ ಹಾಗೆ ನೋಡಿಕೊಂಡಿದ್ದಾನೆ. ದಕ್ಷಿಣದ ಅಂಚಿಗೆ ಓಸೇಜ್ ಆರೆಂಜ್ ಅನ್ನುವ ಮುಳ್ಳುಮರದ ಸಾಲು ನೆಟ್ಟಿದ್ದ. ಮುಳ್ಳುತಂತಿ ಬರುವ ಮುಂಚೆ ಇಲ್ಲಿ ಅದೇ ಬೇಲಿ, ನಮ್ಮ ಕಳ್ಳಿ ಸಾಲಿನ ಹಾಗೆ. ಅದು ಇನ್ನೂ ಇದೆ.

ಅಲ್ಲಿ ಪಾಮರ್ ಅನ್ನುವವನು 1867ರಲ್ಲಿ ಕಟ್ಟಿದ ಮರದ ದಿಮ್ಮಿಗಳ ಮನೆ ಇದೆ. ಹತ್ತಿರದ ಬೇರೆ ಜಮೀನಿನಿಂದ ತಂದು ನಿಲ್ಲಿಸಿದ್ದಾರೆ. 14 ಅಡಿ, 16 ಅಡಿ, ಅಷ್ಟೇ. ಅದರೊಳಗೆ ಗಂಡ, ಹೆಂಡತಿ, ಮಕ್ಕಳ ದಂಡು! ಅಮ್ಮ ನೋಡಿದ್ದರೆ ಅಡುಗೆ ಎಲ್ಲಿ ಮಾಡುತ್ತಿದ್ದರು ಅಂತ ಮೊದಲು ಕೇಳುತ್ತಿದ್ದರು. ಸ್ವಲ್ಪ ದೂರದಲ್ಲಿ 1872ರ ಇಟ್ಟಿಗೆ ಶಾಲೆ. ಒಂದೇ ಕೋಣೆ, 1967ರವರೆಗೂ ಪಾಠ ನಡೆದಿದೆ. ಅಲ್ಲಿ ಮೇಷ್ಟ್ರಮ್ಮ ಬೈಬಲ್ ಓದಿಸಿ ಪ್ರಾರ್ಥನೆ ಮಾಡಿಸುತ್ತಿದ್ದರು. ಸರ್ಕಾರಿ ಶಾಲೆಯಲ್ಲಿ ಇದು ಕೂಡದು ಅಂತ ಈ ಫ್ರೀಮನ್ನೇ ಕೋರ್ಟಿಗೆ ಹೋದ. 1902ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ನನಗೆ ಅವನು ಇಷ್ಟವಾದದ್ದು 160 ಎಕರೆಗಲ್ಲ, ಈ ಮೊಂಡುತನಕ್ಕೆ.

ಇನ್ನೊಂದು ಮಾತು. ಆಗಲೇ ಮದುವೆಯಾಗದ ಹೆಣ್ಣುಮಕ್ಕಳು, ವಿಧವೆಯರು ತಮ್ಮ ಹೆಸರಲ್ಲೇ ಜಮೀನು ಕೇಳಬಹುದಿತ್ತು. ನಮ್ಮ ಪಹಣಿಯಲ್ಲಿ ಯಾರ್ಯಾರ ಹೆಸರಿದೆ ಅಂತ ನಾನು ಸುಮ್ನೆ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆ ಉದ್ಯಾನದಲ್ಲಿ ಒಂದು ಗೋಡೆ ಇದೆ. ಹೋಮ್‌ಸ್ಟೆಡ್ ಜಮೀನು ಹಂಚಿದ ರಾಜ್ಯಗಳನ್ನೆಲ್ಲ ಲೋಹದ ಹಾಳೆಯಲ್ಲಿ ಕತ್ತರಿಸಿ ನಿಲ್ಲಿಸಿದ್ದಾರೆ. ಹಂಚಿದಷ್ಟು ಜಾಗಕ್ಕೆ ತೂತು. ನೆಬ್ರಾಸ್ಕದಲ್ಲಿ ನೂರಕ್ಕೆ 45 ಭಾಗ ತೂತೇ. ಒಟ್ಟು 27 ಕೋಟಿ ಎಕರೆ ಹೀಗೆ ಹೋಯಿತು. ಕೊನೆಯ ಹಕ್ಕುಪತ್ರ ಅಲಾಸ್ಕದಲ್ಲಿ 1988ರಲ್ಲಿ ಕೊಟ್ಟದ್ದು.

ಅಷ್ಟು ಜಮೀನು ಸರ್ಕಾರಕ್ಕೆ ಎಲ್ಲಿಂದ ಬಂತು? ಈ ಸೀಮೆಯಲ್ಲಿ ಒಟೊ-ಮಿಸೌರಿಯಾ ಅನ್ನುವ ಮೂಲನಿವಾಸಿ ಜನ ಬೇಟೆಯಾಡಿಕೊಂಡು, ಮುಸುಕಿನ ಜೋಳ ಬೆಳೆದುಕೊಂಡು ಇದ್ದರು. 1854ರಲ್ಲಿ ಒಪ್ಪಂದ ಬರೆಸಿಕೊಂಡು ಅವರನ್ನು ಕೌಂಟಿಯ ದಕ್ಷಿಣಕ್ಕೆ, ಬಿಗ್ ಬ್ಲೂ ನದಿಯ ಪಕ್ಕದ ಒಂದು ಪಟ್ಟಿಗೆ ಸರಿಸಿದರು. ಅದೂ ಉಳಿಯಲಿಲ್ಲ. 1881ರಲ್ಲಿ ಅವರನ್ನು ಈಗಿನ ಒಕ್ಲಹೋಮಾಗೆ ಕಳಿಸಿದರು, ಆ ಪಟ್ಟಿಯೂ ವಲಸೆ ಬಂದವರಿಗೆ ಮಾರಾಟವಾಯಿತು. ಇಷ್ಟು ಓದಿದ ಮೇಲೆ ಫ್ರೀಮನ್‌ನ ಗೆಲುವು ನನಗೆ ಅಷ್ಟು ಚೆನ್ನಾಗಿ ಕಾಣಲಿಲ್ಲ. ನಮ್ಮಲ್ಲಿ ಉಳುವವನೇ ಒಡೆಯ ಅನ್ನುವ 1974ರ ಕಾಯ್ದೆ ಬಂದಾಗ ನಮ್ಮ ತಾತ ಫಾರಂ 7ರ ಅರ್ಜಿ ಹಾಕಿ ಟ್ರಿಬ್ಯುನಲ್‌ಗೆ ಅಲೆದರು. ಅವರು ಕೇಳಿದ್ದು ಅದಾಗಲೇ ತಾವು ಉಳುತ್ತಿದ್ದ ನೆಲವನ್ನು. ಇಲ್ಲಿ ಇದ್ದವರನ್ನು ಎಬ್ಬಿಸಿ, ಖಾಲಿ ಇದೆ ಅಂತ ಬರೆದು, ಬಂದವರಿಗೆ ಕೊಟ್ಟರು. ಎರಡಕ್ಕೂ ಕಾಗದ ಒಂದೇ ಥರ ಇರುತ್ತೆ.

ಹೊರಗೆ ಸುಮಾರು 100 ಎಕರೆಯಲ್ಲಿ ಹಳೆಯ ಕಾಲದ ಹುಲ್ಲುಗಾವಲನ್ನು ಮತ್ತೆ ಬೆಳೆಸಿದ್ದಾರೆ. 1939ರಲ್ಲಿ ಶುರು ಮಾಡಿದ್ದು. ಹುಲ್ಲು ಆಳೆತ್ತರ. ಇದರ ಬೇರನ್ನು ಕಿತ್ತು ಉತ್ತವರು ಏನು ಪಾಡು ಪಟ್ಟರೋ. ನಿಮಗೆ ತೋರಿಸಬೇಕು ಅಂತ ಫೋಟೋ ತೆಗೆದಿದ್ದೇನೆ, ತಮ್ಮನ ವಾಟ್ಸಾಪಿಗೆ ಕಳಿಸುತ್ತೇನೆ.

ಕೆರೆ ಕೆಳಗಿನ ಜಮೀನಿನ ಪೋಡಿ ಎಲ್ಲಿಗೆ ಬಂತು? ಸರ್ವೆಯರ್ ಬರುವ ದಿನ ತಮ್ಮನೂ ಜೊತೆಗಿರಲಿ, ನೀವೊಬ್ಬರೇ ಬಿಸಿಲಲ್ಲಿ ನಿಲ್ಲಬೇಡಿ. ಬಿಪಿ ಮಾತ್ರೆ ಮರೆಯಬೇಡಿ.

ಇಂತಿ ನಿಮ್ಮ ಮಗಳು