‘8 ಎಂ.ಎಂ. ಮೌಸರ್’ ಎಂದರೆ ಯಾವುದು?

ಮಾನ್ಯ ಸಂಪಾದಕರೇ,

ಮೌಸರ್ ಕಂಪನಿಯದೂ ಸೇರಿದಂತೆ ಹಳೆಯ ಜರ್ಮನ್ ಬೇಟೆ ಕೋವಿಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಓಬರ್ನ್‌ಡಾರ್ಫ್, ಸೂಲ್ ಊರುಗಳ ಕೋವಿ ಕಸುಬಿನ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದೇ ಅಪರೂಪ. ಆದರೆ ‘8 ಎಂ.ಎಂ. ಮೌಸರ್‌ಗೆ ಈಗಲೂ ತೋಟಾ ಸಿಗುತ್ತದೆ’ ಎಂಬ ಒಂದು ಸಾಲನ್ನು ಹಾಗೇ ಬಿಡುವಂತಿಲ್ಲ. ಅದನ್ನು ನಂಬಿ ಯಾರಾದರೂ ಅಜ್ಜನ ಕಾಲದ ಕೋವಿಗೆ ಹೊಸ ತೋಟಾ ತುಂಬಿದರೆ ಕಣ್ಣಿಗೇ ಅಪಾಯ.

ಜರ್ಮನ್ ಸೇನೆ 1888ರಲ್ಲಿ ತಂದ ತೋಟಾದ ಗುಂಡು 8.09 ಮಿ.ಮೀ. ದಪ್ಪ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಬಂದ ಚೂಪು ಮೂತಿಯ ‘ಎಸ್’ ಗುಂಡು 8.22 ಮಿ.ಮೀ. ಸೇನೆ ಹೊಸದಕ್ಕೆ ಹೊರಳಿದರೂ ಬೇಟೆ ಕೋವಿ ಮಾಡುವವರು ದಶಕಗಟ್ಟಲೆ ಹಳೆಯ ಅಳತೆಯನ್ನು ಬಿಡಲಿಲ್ಲ. ಕೇಸಿನ (ತೋಟಾದ ಲೋಹದ ಕವಚದ) ಉದ್ದ ಎರಡರಲ್ಲೂ 57 ಮಿ.ಮೀ. ಆದ್ದರಿಂದ ಎಸ್ ತೋಟಾ ಹಳೆಯ ಕೋವಿಯಲ್ಲೂ ಎಷ್ಟೋ ಸಲ ತಡೆಯಿಲ್ಲದೆ ಕೂರುತ್ತದೆ, ಬೋಲ್ಟೂ ಮುಚ್ಚುತ್ತದೆ. 0.13 ಮಿ.ಮೀ. ಕಾಗದದ ಮೇಲೆ ಏನೂ ಅಲ್ಲ. ಬಿಗಿಯಾದ ನಳಿಗೆಯೊಳಗೆ ದಪ್ಪ ಗುಂಡು ಹಿಂಡಿಕೊಂಡು ಹೋಗಬೇಕಾದಾಗ ಮಾತ್ರ ಒತ್ತಡ ಒಮ್ಮೆಲೇ ಏರುತ್ತದೆ. ಹಳೆಯ ಚೇಂಬರಿನ (ತೋಟಾ ಕೂರುವ ಗೂಡಿನ) ಕತ್ತೂ ಕಿರಿದಾದ್ದರಿಂದ ಕೇಸಿನ ಬಾಯಿ ಅಗಲವಾಗಿ ಗುಂಡನ್ನು ಬಿಡಲು ಜಾಗವೇ ಇರುವುದಿಲ್ಲ. ಇನ್ನು ನಮ್ಮ ಇಛಾಪುರ ಕಾರ್ಖಾನೆಯ .315 ರೈಫಲನ್ನೂ ಜನ 8 ಎಂ.ಎಂ. ಅಂತಲೇ ಕರೆಯುತ್ತಾರೆ. ಅದರದು ಬುಡಕ್ಕೆ ಅಂಚಿರುವ 50 ಮಿ.ಮೀ. ಕೇಸಿನ ಮಾನ್ಲಿಷರ್ ತೋಟಾ, ಮೌಸರ್‌ಗೂ ಅದಕ್ಕೂ ಸಂಬಂಧವಿಲ್ಲ.

ಯಾವುದು ಯಾವುದೆಂದು ತಿಳಿಯಲು ಕೋವಿಯ ಮರದ ಭಾಗವನ್ನು ಬಿಚ್ಚಿ ನಳಿಗೆಯ ಅಡಿ ನೋಡಬೇಕು. 1891ರ ಜರ್ಮನ್ ಪ್ರೂಫ್ (ನಳಿಗೆಯ ಬಲ ಪರೀಕ್ಷೆ) ಕಾಯ್ದೆಯ ಗುರುತುಗಳು ಅಲ್ಲಿರುತ್ತವೆ: ಕಿರೀಟದಡಿ ‘ಜಿ’ ಇದ್ದರೆ ರೈಫ್ಲಿಂಗ್ (ಗುಂಡು ತಿರುಗುವಂತೆ ಒಳಗೆ ಕೊರೆದ ಸುರುಳಿ ಗೀರುಗಳು) ಇರುವ ನಳಿಗೆ, ಕಿರೀಟದಡಿ ‘ಎನ್’ ಇದ್ದರೆ ಹೊಗೆರಹಿತ ಮದ್ದಿನ ಪರೀಕ್ಷೆ. ಕಿರೀಟದ ಬದಲು ಹದ್ದು ಕಂಡರೆ 1939ರ ಕಾಯ್ದೆಯ ನಂತರದ್ದು. ‘ಎಸ್‌ಟಿ ಎಂ ಜಿ 14,7’ ಎಂದು ಕೊರೆದಿದ್ದರೆ ಪರೀಕ್ಷೆಗೆ ಬಳಸಿದ್ದು 14.7 ಗ್ರಾಂ ತೂಕದ ಉಕ್ಕಿನ ಹೊದಿಕೆಯ ಗುಂಡು, ಅಂದರೆ ಹಳೆಯ 8.09ರ ಕಡೆಗೆ ಬೆರಳು ತೋರುತ್ತದೆ. ಅಲ್ಲಿನ ಅಲ್ಪವಿರಾಮವನ್ನು ದಶಮಾಂಶದ ಚುಕ್ಕಿ ಎಂದೇ ಓದಿಕೊಳ್ಳಬೇಕು. ‘7,9’ ಎಂಬ ಅಂಕಿಯನ್ನು ಮಾತ್ರ ನೆಚ್ಚಬೇಡಿ. ಅದು ರೈಫ್ಲಿಂಗಿನ ಗೀರುಗಳ ಮಧ್ಯೆ ಎದ್ದು ನಿಂತ ಏಣುಗಳ ನಡುವಿನ ಅಳತೆ. ಎಸ್ ಗುಂಡಿಗಾಗಿ ಆಳ ಮಾಡಿದ್ದು ಗೀರುಗಳನ್ನು, ಏಣು ಮೊದಲಿನಷ್ಟೇ ಉಳಿಯಿತು.

ಕೊನೆಯ ತೀರ್ಪು ಸೀಸದ್ದು. ನಳಿಗೆಗಿಂತ ತುಸು ದಪ್ಪವಿರುವ ಮೆದು ಸೀಸದ ಗೋಲಿಗೆ ಎಣ್ಣೆ ಸವರಿ, ಬೋಲ್ಟ್ ತೆಗೆದ ಕೋವಿಯ ಬಾಯಿಂದ ಹಿತ್ತಾಳೆ ಸಲಾಕೆಯಲ್ಲಿ ಮೆಲ್ಲಗೆ ಬಡಿದು ಹಾಯಿಸಿ. ಮೌಸರ್ ನಳಿಗೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಗೀರುಗಳಿರುವುದರಿಂದ ಸೀಸದ ಮೇಲಿನ ಎದುರುಬದುರು ಉಬ್ಬುಗಳಿಗೆ ಮೈಕ್ರೋಮೀಟರ್ ನೇರವಾಗಿ ಕೂರುತ್ತದೆ. 8.1ರ ಆಸುಪಾಸು ಬಂದರೆ ಹಳೆಯದು, 8.2 ದಾಟಿದರೆ ಎಸ್. ಚೇಂಬರಿನ ಬಗ್ಗೆಯೂ ಅನುಮಾನವಿದ್ದರೆ ಸೆರೋಸೇಫ್ ಲೋಹ ಕರಗಿಸಿ ಅಚ್ಚು ತೆಗೆಯಬಹುದು. ಅದು ಮೊದಲು ಕುಗ್ಗಿ ಆಮೇಲೆ ಹಿಗ್ಗುವ ಲೋಹ, ಹಾಗಾಗಿ ಸುರಿದು ಒಂದು ಗಂಟೆ ಕಳೆದ ಮೇಲೆ ಅಳೆಯಬೇಕು. ಮಾರನೆಯ ದಿನ ಅಳೆದವರಿಗೆ ಸಿಗುವುದು ಬೇರೆ ಲೆಕ್ಕ.

ಲೇಖನದಲ್ಲಿ ಹೊಗಳಿದ ‘ಡ್ರಿಲ್ಲಿಂಗ್’ ಮೂರು ನಳಿಗೆ ಕೋವಿಗೂ ಇಂಥದೇ ತೊಡಕಿದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ, ಚರೆ ಹಾರಿಸುವ 16 ಬೋರಿನ ನಳಿಗೆಗಳ ಚೇಂಬರ್‌ಗಳು ಬಹುಪಾಲು 65 ಮಿ.ಮೀ. ಉದ್ದದವು, ಇಂದಿನ ತೋಟಾ 70 ಮಿ.ಮೀ. ಮಡಿಚಿದ ಬಾಯಿಯ ತೋಟಾ ಒಳಗೆ ಹೋಗುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಳಿಗೆ ಕಿರಿದಾಗುವ ಕಡೆಯೇ ಅಡ್ಡ ನಿಲ್ಲುತ್ತದೆ, ಚರೆ ಅದನ್ನು ನೂಕಿಕೊಂಡು ಹೋಗಬೇಕಾಗುತ್ತದೆ.

ಕಪ್ಪು ಬಣ್ಣ ಹೋಗಿದೆಯೆಂದು ಇಂಥ ಕೋವಿಯನ್ನು ‘ಹೊಸದರಂತೆ’ ಮಾಡಿಸುವವರಿದ್ದಾರೆ. ಬಿಸಿ ಕ್ಷಾರದ ತೊಟ್ಟಿಯಲ್ಲಿ ಅದ್ದಿದರೆ ನಳಿಗೆಗಳನ್ನು ಹಿಡಿದಿರುವ ಬೆಸುಗೆಯನ್ನೇ ಆ ದ್ರಾವಣ ತಿಂದುಹಾಕುತ್ತದೆ. ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ ಮಾಡುವ ನಿಧಾನದ ಹಳೆಯ ಪದ್ಧತಿಯೊಂದೇ ಇದಕ್ಕೆ ಸರಿ. ನಮ್ಮ ಅಭಿಪ್ರಾಯ ಕೇಳಿದರೆ ಅದನ್ನೂ ಮಾಡಿಸಬೇಡಿ: ಪಾಲಿಷ್ ಚಕ್ರಕ್ಕೆ ಸಿಕ್ಕು ಮಸುಕಾದ ಪ್ರೂಫ್ ಗುರುತು ಮತ್ತೆ ಬರುವುದಿಲ್ಲ. ಕೊಳ್ಳುವ ಮುನ್ನ ನಳಿಗೆಗಳನ್ನು ಕಳಚಿ, ತೂಗುಹಾಕಿ, ಬೆರಳಿನಿಂದ ತಟ್ಟಿ ನೋಡಿ. ಗಂಟೆಯಂತೆ ನಾದ ಹೊಮ್ಮದೆ ‘ಡಬ್’ ಎಂದರೆ ಬೆಸುಗೆ ಬಿಟ್ಟಿದೆ.

ಮೌಸರ್‌ನ ಕಾಲ ಗುರುತಿಸಲು ಎಡಬದಿಯ ಬರಹ ಸಾಕು. ‘ವಾಫೆನ್‌ಫಾಬ್ರಿಕ್ ಮೌಸರ್’ ಎಂದಿದ್ದರೆ 1922ಕ್ಕೆ ಮುಂಚಿನದು, ‘ಮೌಸರ್ ವೆರ್ಕೆ’ ಎಂದಿದ್ದರೆ ಆಮೇಲಿನದು. ಲಂಡನ್ನಿನ ರಿಗ್ಬಿ ಹೆಸರು ಹೊತ್ತ .275 ರೈಫಲ್ಲಿನದೂ ಓಬರ್ನ್‌ಡಾರ್ಫ್ ಆ್ಯಕ್ಷನ್ನೇ (ತೋಟಾ ತುಂಬಿ ಹಾರಿಸುವ ಯಂತ್ರಭಾಗ), ಅದರ ತೋಟಾ ಜರ್ಮನರ 7x57. ದುರ್ಬೀನು ಮತ್ತೊಂದು ಕೋವಿಯದ್ದಾದರೆ ಬೆಲೆಯನ್ನು ಇಳಿಸಿ ಮಾತಾಡಿ. ದುರ್ಬೀನನ್ನು ಕೋವಿಗೆ ಉಗುರಿನಂತೆ ಕಚ್ಚಿ ಹಿಡಿಯುವ ಹಿಡಿಗಳನ್ನು ಒಂದೊಂದು ಕೋವಿಗೂ ಅರದಿಂದ ಉಜ್ಜಿ ಕೂರಿಸಿದ್ದು, ಇನ್ನೊಂದಕ್ಕೆ ಹೊಂದುವುದಿಲ್ಲ.

ಕೊನೆಗೆ ಕಾನೂನು. ಹಳೆಯದಾದ ಮಾತ್ರಕ್ಕೆ ಪರವಾನಗಿ ಬೇಡ ಎಂಬ ಲೇಖಕರ ಮಾತು ತಪ್ಪು. ರಿಪೇರಿ ಮಾಡಿದರೂ ಹಾರಿಸಲಾಗದಂಥ ಹಳೆಯ ಆಯುಧಕ್ಕೆ ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂನಲ್ಲಿ ವಿನಾಯಿತಿ ಇದೆ. ನೂರು ವರ್ಷದ ಮೌಸರ್ ಇವತ್ತೂ ಗುಂಡು ಹಾರಿಸುತ್ತದೆ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಬೇರೆಯದೇ ಅಧಿಸೂಚನೆಯದ್ದು, ಅದನ್ನು ಎಲ್ಲರಿಗೂ ಹಂಚಲಾಗದು. ಉಳಿದವರು 2019ರ ತಿದ್ದುಪಡಿಯ ನಂತರ ಇಟ್ಟುಕೊಳ್ಳಬಹುದಾದದ್ದು ಎರಡೇ ಕೋವಿ.

ಪರವಾನಗಿ ಇರುವವರ ಪುಸ್ತಕದಲ್ಲಿ ಬರೀ ‘8 ಎಂ.ಎಂ.’ ಎಂದು ಬರೆದಿದ್ದರೆ ತೋಟಾದ ಪೂರ್ತಿ ಹೆಸರನ್ನು ಸೇರಿಸಲು ಅರ್ಜಿ ಕೊಡಿ. ಚುನಾವಣೆಗೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾದಾಗ ಚರ್ಮದ ಪಟ್ಟಿ, ದುರ್ಬೀನು ಬಿಚ್ಚಿಟ್ಟುಕೊಂಡು, ನಳಿಗೆಗೆ ಎಣ್ಣೆ ಹಾಯಿಸಿ, ಬೋಲ್ಟಿನ ಸಂಖ್ಯೆಯನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ಸಂಖ್ಯೆ ಹೊಂದದ ಬೋಲ್ಟ್ ವಾಪಸು ಬಂದರೆ ಹೆಡ್‌ಸ್ಪೇಸ್ (ಬೋಲ್ಟಿಗೂ ತೋಟಾ ಕೂರುವ ಗೂಡಿಗೂ ನಡುವಿನ ಜಾಗ) ಗೇಜಿನಿಂದ ಪರೀಕ್ಷಿಸುವವರೆಗೆ ಆ ಕೋವಿ ಹಾರಿಸುವಂತಿಲ್ಲ.

– ಹಳೆಯ ಕೋವಿಗಳ ಆಸಕ್ತರು, ಮಡಿಕೇರಿ