ಥೀಸಿಸ್ ಮುಗಿಯಿತು, ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು

ಪಿಎಚ್‌ಡಿ ವೈವಾ ಮುಗಿದಿದೆ. ಥೀಸಿಸ್‌ನಲ್ಲಿ ಕೃತಜ್ಞತೆಗೆ ಅಂತ ಒಂದು ಪುಟ ಇರುತ್ತದೆ. ಅದರಲ್ಲಿ ಎಲ್ಲರಿಗೂ ಒಂದೊಂದೇ ಸಾಲು ಸಿಕ್ಕಿತು. ಯಾರು ಏನು ಕೊಟ್ಟರು ಅಂತ ಬಿಡಿಸಿ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

"ಇಷ್ಟು ವರ್ಷ ಏನು ಮಾಡ್ತಿದ್ದೆ?" ಅಂತ ಕೇಳಿದವರೇ ಜಾಸ್ತಿ. ಅವರಿಗಾಗಿ ಮೊದಲು ವಿಷಯ. ಒಂದು ಟವರ್ ಒಂದಿಷ್ಟು ಮಾಹಿತಿಯನ್ನು ಸುತ್ತು ಹಾಕಿ ಮತ್ತೆ ಮತ್ತೆ ಬಿತ್ತರಿಸುತ್ತಾ ಇರುತ್ತದೆ. ಕೇಳುವವರು ಹತ್ತು ಜನ ಇರಲಿ, ಹತ್ತು ಲಕ್ಷ ಇರಲಿ, ಕಳಿಸುವ ಖರ್ಚು ಅಷ್ಟೇ. ಮೊಬೈಲ್ ಏನನ್ನೂ ಬೇಡಬೇಕಿಲ್ಲ, ತನಗೆ ಬೇಕಾದ ತುಣುಕು ಬಂದಾಗ ಹಿಡಿದುಕೊಂಡರೆ ಸಾಕು. ಆದರೆ ಅದು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಿದ್ದರೆ ರೇಡಿಯೊ ಪೂರ್ತಿ ಹೊತ್ತು ಎಚ್ಚರ ಇರಬೇಕು. ಬ್ಯಾಟರಿ ಎಷ್ಟು ಹೊತ್ತು ತಾಳೀತು?

ಹಾಗಾಗಿ ಮೊದಲ ವಂದನೆ ನಾನು ಭೇಟಿಯೇ ಆಗದ ಮೂವರಿಗೆ: ಟೊಮಾಸ್ ಇಮಿಯೆಲಿನ್ಸ್ಕಿ, ಎಸ್. ವಿಶ್ವನಾಥನ್ ಮತ್ತು ಬಿ. ಆರ್. ಬದರೀನಾಥ್. ಮಾಹಿತಿಯ ಜೊತೆ ಅದರ ಇಂಡೆಕ್ಸನ್ನೂ, ಅಂದರೆ ಯಾವ ತುಣುಕು ಯಾವಾಗ ಬರುತ್ತದೆ ಅನ್ನುವ ಪಟ್ಟಿಯನ್ನೂ, ಗಾಳಿಗೆ ಬಿಡಿ ಅಂತ ಇವರು 1994ರಲ್ಲಿ ಬರೆದರು. ಮೊಬೈಲ್ ಇಂಡೆಕ್ಸ್ ಓದಿ, ತನ್ನ ತುಣುಕು ಬರುವ ಹೊತ್ತು ತಿಳಿದುಕೊಂಡು ಮಲಗಿಬಿಡುತ್ತದೆ. ಹೊತ್ತಿಗೆ ಸರಿಯಾಗಿ ಏಳುತ್ತದೆ. ಅವರು ಉದಾಹರಣೆಗೆ ತೆಗೆದುಕೊಂಡ ಹಾಬಿಟ್ ಅನ್ನುವ ಪ್ರೊಸೆಸರ್ ಚಿಪ್ ಎಚ್ಚರ ಇದ್ದಾಗ 250 ಮಿಲಿವ್ಯಾಟ್ ತಿನ್ನುತ್ತಿತ್ತು, ತೂಕಡಿಸುವಾಗ 50 ಮೈಕ್ರೊವ್ಯಾಟ್. ಅಂದರೆ 5000 ಪಟ್ಟು ವ್ಯತ್ಯಾಸ.

ಇಂಡೆಕ್ಸ್ ಸುಮ್ನೆ ಬರುವುದಿಲ್ಲ, ಅದೂ ಜಾಗ ತಿನ್ನುತ್ತದೆ. ಬಿತ್ತರಿಸುವ ಒಂದೊಂದು ತುಣುಕಿಗೆ ಬಕೆಟ್ ಅನ್ನುತ್ತಾರೆ. ಮಾಹಿತಿ 10,000 ಬಕೆಟ್, ಇಂಡೆಕ್ಸ್ 100 ಬಕೆಟ್ ಅಂದುಕೊಳ್ಳಿ. ಒಂದು ಸುತ್ತಿನಲ್ಲಿ ಒಂದೇ ಸಲ ಇಂಡೆಕ್ಸ್ ಬಿಟ್ಟರೆ, ಮೊದಲು ಇಂಡೆಕ್ಸಿಗೆ, ಆಮೇಲೆ ತುಣುಕಿಗೆ ಅಂತ ಸರಾಸರಿ 10,100 ಬಕೆಟ್ ಹೊತ್ತು ಕಾಯಬೇಕು. ಹತ್ತು ಸಲ ಬಿಟ್ಟರೆ 6,050. ಅದಕ್ಕಿಂತ ಹೆಚ್ಚು ಸಲ ಬಿಟ್ಟರೆ ಸುತ್ತೇ ಉದ್ದವಾಗಿ ಕಾಯುವುದು ಮತ್ತೆ ಏರುತ್ತದೆ. ಮಾಹಿತಿಯನ್ನು ಇಂಡೆಕ್ಸ್‌ನಿಂದ ಭಾಗಿಸಿ ವರ್ಗಮೂಲ ತೆಗೆದರೆ ಆ ಹತ್ತು ಸಿಗುತ್ತದೆ. ಇಂಡೆಕ್ಸ್ ಇಲ್ಲದಿದ್ದರೆ ಕಾಯುವುದು 5,000 ಬಕೆಟ್ ಮಾತ್ರ, ಆದರೆ ಅಷ್ಟೂ ಹೊತ್ತು ಎಚ್ಚರ ಇರಬೇಕು. ಇಂಡೆಕ್ಸ್ ಇದ್ದರೆ ಎಚ್ಚರ ಇರುವುದು ನಾಲ್ಕೈದು ಬಕೆಟ್ ಹೊತ್ತು. ಸ್ವಲ್ಪ ತಡವಾದರೂ ಪರವಾಗಿಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆ ವ್ಯಾಪಾರ ಇಲ್ಲ, ಅಲ್ವಾ? ಗೆಳೆಯರು ನನ್ನದನ್ನು "ನಿದ್ದೆಯ ಮೇಲೆ ಪಿಎಚ್‌ಡಿ" ಅನ್ನುತ್ತಿದ್ದರು. ಅವರಿಗೂ ಥ್ಯಾಂಕ್ಸ್, ಅದಕ್ಕಿಂತ ಚಿಕ್ಕದಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ನಮ್ಮ ಗೈಡ್ ಮೇಡಂ ಈ ಲೆಕ್ಕವನ್ನೆಲ್ಲ ನೋಡಿ, "ಬಕೆಟ್ ಎಣಿಸಿದ್ದು ಸಾಕು, ಮಿಲಿಆಂಪ್ ತೋರಿಸಿ" ಅಂದರು. ಅಲ್ಲಿಂದ ಕೆಲಸದ ದಿಕ್ಕೇ ಬದಲಾಯಿತು. ಮಿಲಿಆಂಪ್ ತೋರಿಸಿಕೊಟ್ಟವರು ಎಲೆಕ್ಟ್ರಾನಿಕ್ಸ್ ಲ್ಯಾಬಿನ ಹಿರಿಯ ಟೆಕ್ನಿಷಿಯನ್, ನಮಗೆಲ್ಲ ಅಣ್ಣ. ಬ್ಯಾಟರಿಯ ದಾರಿಯಲ್ಲಿ ಒಂದು ಪುಟ್ಟ ರೆಸಿಸ್ಟರ್ ಕೂರಿಸಿ, ಆಸಿಲೋಸ್ಕೋಪಿನಲ್ಲಿ ಗೆರೆ ತೋರಿಸಿದರು. ರೇಡಿಯೊ ಥಟ್ಟನೆ ಏಳುವುದಿಲ್ಲ. ಮೊದಲು ಗಡಿಯಾರದಂತೆ ಮಿಡಿಯುವ ಕ್ರಿಸ್ಟಲ್ ಸ್ಥಿರವಾಗಬೇಕು, ಆಮೇಲೆ ಫ್ರೀಕ್ವೆನ್ಸಿ ಕೂರಬೇಕು, ಆಮೇಲೆ ಕೇಳುವುದು. ಒಂದು ಬಕೆಟ್ ಓದುವ ಮೊದಲೇ ಕರೆಂಟ್ ಖರ್ಚಾಗಿರುತ್ತದೆ. ಹಾಗಾಗಿ ಚಿಕ್ಕ ಚಿಕ್ಕ ನಿದ್ದೆಗಳಿಂದ ಲಾಭ ಇಲ್ಲ.

ಗಡಿಯಾರದ ತಂಟೆ ಹೇಳಿದವರೂ ಅವರೇ. ಮಲಗಿರುವಾಗ ಓಡುವ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ, ಒಂದು ನಿಮಿಷದ ನಿದ್ದೆಗೆ 1.2 ಮಿಲಿಸೆಕೆಂಡ್ ಆಚೀಚೆ ಆಗುತ್ತದೆ. ಅಷ್ಟು ಮುಂಚೆಯೇ ಏಳಬೇಕು. ನಿದ್ದೆ ಉದ್ದ ಆದಷ್ಟೂ ಇನ್ನೂ ಮುಂಚೆ. ನಾನು ಓದಿದ ಎಷ್ಟೋ ಪ್ರಬಂಧಗಳು ಈ ಖರ್ಚನ್ನು ಸೊನ್ನೆ ಅಂತ ಹಿಡಿದಿದ್ದವು. ಥೀಸಿಸ್‌ನಲ್ಲಿ ನನಗೆ ಇಷ್ಟವಾದ ಅಧ್ಯಾಯ ಅಣ್ಣ ತೋರಿಸಿದ ಆ ಗೆರೆಗಳ ಮೇಲೆ ನಿಂತಿದೆ.

ಪೇಜರ್ ಕಾಲದಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರು ಒಂದು ಮಧ್ಯಾಹ್ನ ಪೂರ್ತಿ ಕೂತು ಪೇಜರ್‌ಗಳಿಗೆ ಸಂದೇಶ ಕಳಿಸುವ ಪೋಕ್ಸ್ಯಾಗ್ ಪದ್ಧತಿಯ ಬಗ್ಗೆ ಹೇಳಿದರು. ಅದರಲ್ಲಿ ಸಂದೇಶಗಳು ಬ್ಯಾಚುಗಳಾಗಿ ಬರುತ್ತವೆ, ಒಂದು ಬ್ಯಾಚಿನಲ್ಲಿ 8 ಫ್ರೇಮ್, ಅಂದರೆ 8 ಪಾಲು. ಪೇಜರಿನ ವಿಳಾಸದ ಕೊನೆಯ 3 ಬಿಟ್ ಯಾವ ಫ್ರೇಮ್ ಅಂತ ಹೇಳಿಬಿಡುತ್ತವೆ. ಬ್ಯಾಚಿನ ಶುರು ತೋರಿಸುವ ಸಿಂಕ್ ಗುರುತು ಸಿಕ್ಕ ಮೇಲೆ ತನ್ನ ಫ್ರೇಮ್ ಬಿಟ್ಟು ಉಳಿದ ಏಳರಲ್ಲಿ ಪೇಜರ್ ಆರಾಮಾಗಿ ಮಲಗಬಹುದು. ಇಂಡೆಕ್ಸೇ ಬೇಡ, ವಿಳಾಸವೇ ಸಮಯ ಹೇಳುತ್ತದೆ! ಹ್ಯಾಶಿಂಗ್ (ಹೆಸರು ಅಥವಾ ವಿಳಾಸದಿಂದಲೇ ಜಾಗ ಲೆಕ್ಕ ಹಾಕುವ ವಿಧಾನ) ಅಧ್ಯಾಯಕ್ಕೆ ಬೀಜ ಬಿದ್ದದ್ದು ಆವತ್ತು. ಸರ್, ನಿಮ್ಮ ಜ್ಞಾಪಕಶಕ್ತಿಗೆ ನಮಸ್ಕಾರ.

ಪ್ರಬಂಧವನ್ನು ತಿರಸ್ಕರಿಸಿದ ಅನಾಮಿಕ ವಿಮರ್ಶಕರೇ, ನಿಮ್ಮ ಧಾಟಿ ನನಗೆ ಇವತ್ತಿಗೂ ಹಿಡಿಸಿಲ್ಲ. ಆದರೆ "ಇಂಡೆಕ್ಸ್ ಪ್ಯಾಕೆಟ್ಟೇ ಕಳೆದುಹೋದರೆ?" ಅನ್ನುವ ಪ್ರಶ್ನೆ ಸರಿಯಾಗಿತ್ತು. ಹತ್ತು ಪ್ರತಿ ಇದ್ದರೆ ಮುಂದಿನದು ಬೇಗ ಸಿಗುತ್ತದೆ, ಒಂದೇ ಇದ್ದರೆ ಪೂರ್ತಿ ಸುತ್ತು ಹಾಳು. ಸಿಗ್ನಲ್ ಕೆಟ್ಟಿರುವ ಕಡೆ ವರ್ಗಮೂಲಕ್ಕಿಂತ ಜಾಸ್ತಿ ಪ್ರತಿ ಬೇಕು ಅಂತ ನಿಮ್ಮಿಂದಲೇ ಲೆಕ್ಕ ಹಾಕಿದೆ.

ಮನೆಯವರಿಗೆ ಏನು ಹೇಳಲಿ? ನೀವಿಲ್ಲದೆ ಇದು ಆಗುತ್ತಿರಲಿಲ್ಲ. ಅಮ್ಮ, ಇನ್ನು ಮುಂದೆ ಫೋನ್ ಎತ್ತುತ್ತೇನೆ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಕೊನೆಗೆ ಕೇಳಿದ ಪ್ರಶ್ನೆ: ಮೊಬೈಲ್ ಮಲಗಿರುವಾಗ ಟವರ್ ಸುತ್ತಿನ ಕ್ರಮವನ್ನೇ ಬದಲಾಯಿಸಿದರೆ? ಎದ್ದಾಗ ಅಲ್ಲಿ ಬೇರೆ ಏನೋ ಬರುತ್ತಿರುತ್ತದೆ. ಪ್ರತಿ ಬಕೆಟ್ಟಿನಲ್ಲೂ ಆವೃತ್ತಿ ಸಂಖ್ಯೆ ಇಡಬಹುದು ಅಂದೆ. ಬದಲಾಗಿದೆ ಅಂತ ಅದರಿಂದ ತಿಳಿಯುತ್ತದೆ, ಹಾಳಾದ ನಿದ್ದೆ ವಾಪಸ್ ಬರುವುದಿಲ್ಲ ಅಂದರು. ಸಿಮ್ಯುಲೇಟರ್ ಬರೆಯಲು ರಾತ್ರಿಯೆಲ್ಲ ಜೊತೆ ಕೂತಿದ್ದ ನಮ್ಮ ಲ್ಯಾಬಿನ ಜೂನಿಯರ್ ಈಗ ಇದನ್ನೇ ಕೈಗೆತ್ತಿಕೊಂಡಿದ್ದಾಳೆ. ಥ್ಯಾಂಕ್ಸ್ ಪುಟ್ಟಿ, ಕೋಡ್ ಮತ್ತು ಅಳತೆಯ ಫೈಲ್‌ಗಳೆಲ್ಲ ಹಳೇ ಫೋಲ್ಡರಿನಲ್ಲೇ ಇವೆ, ತಗೋ.